ಮೈದಾನಕ್ಕೆ ಬೆನ್ನು ಹಾಕಿದವನು

ಜಾರಾ, ಗಾಬಿಸ್
17 ಫೆಬ್ರವರಿ 2003

ಲಸ್ಸಾದ್,

ಸಲಾಮ್. ಅಕ್ಷರ ನೋಡಿದ ಕೂಡಲೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕುವುದಿದ್ದರೆ ಓದಿದ ಮೇಲೆ ಹರಿ. ನಿನ್ನ ಫೋನು ಸತ್ತು ಮಲಗಿದೆ. ಯಾರೋ ನಿನ್ನ ಕಾರಿನ ಗಾಜು ಒಡೆದ ಮೇಲೆ ತಂಡದ ಅಧ್ಯಕ್ಷರು ಆಟಗಾರರನ್ನೆಲ್ಲ ಹಾಮ್ಮಾದ ಹೋಟೆಲಿನಲ್ಲಿ ಕೂಡಿಹಾಕಿ, ಊರ ಕಡೆ ತಲೆ ಹಾಕಬೇಡಿ ಎಂದಿದ್ದಾರಂತೆ. ಹಾಗಾಗಿ ಈ ಕಾಗದ ಹಮ್ಮಾದಿ ಕಾಕಾ ಒಗೆಸಿ ತರುವ ಜೆರ್ಸಿ ಗಂಟಿನಲ್ಲಿ ಬರುತ್ತಿದೆ. "ಹನ್ನೊಂದು ಜನರ ಕೊಳೆ ಸಾಲ್ದು ಅಂತ ನಿಮ್ಮಿಬ್ರ ಕೊಳೇನೂ ನಾನೇ ಹೊರ್ಬೇಕೇನಯ್ಯಾ?" ಎಂದು ಗೊಣಗಿದ. ಆದರೂ ಜೇಬಿಗೆ ಇಟ್ಟುಕೊಂಡ.

ತೂನಿಸ್‌ನಿಂದ ನಮ್ಮ ವಾಹಾ ತಂಡಕ್ಕೆ ಮರಳಿದ್ದೀಯ, ಆದರೆ ನಿನ್ನೆಯದೂ ಸೇರಿ ಎಂಟು ಪಂದ್ಯವಾಯಿತು, ನಿನ್ನ ಕಾಲಿಂದ ಒಂದು ಗೋಲಿಲ್ಲ. ನಿನ್ನೆ ಎರಡನೇ ಅರ್ಧದಲ್ಲಿ ನನ್ನೆದುರು ನಾಲ್ಕು ಸಾವಿರ ಜನ ಒಟ್ಟಿಗೆ ತಲೆಯ ಮೇಲೆ ಕೈ ಇಟ್ಟುಕೊಂಡರು. ಖಾಲಿ ಗೋಲು ಬಿಟ್ಟೆ ಎಂದು ಆಗಲೇ ಗೊತ್ತಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ನೀನು ಊರು ಬಿಟ್ಟ ಮೇಲೆ ದಕ್ಷಿಣ ಗ್ಯಾಲರಿಯಲ್ಲಿ ಒಂದು ಪದ್ಧತಿ ಬಂದಿದೆ. ನಾನು ಬೇಲಿಯ ಕಟ್ಟೆ ಮೇಲೆ ಮೈದಾನಕ್ಕೆ ಬೆನ್ನು ಹಾಕಿ ನಿಂತು ತೊಂಬತ್ತು ನಿಮಿಷ ಹಾಡಿಸುತ್ತೇನಲ್ಲ, ಆ ನಾನು ಮೈದಾನದ ಕಡೆ ತಿರುಗಿ ನಿಂತೆನೆಂದರೆ ಹಾಡು ಮುಗಿಯಿತು. ಸಿಳ್ಳೆ ಶುರು. ಯಾರ ಮೇಲೆ ಸಿಟ್ಟೋ ಅವನು ಮೈದಾನ ಬಿಟ್ಟು ಹೋಗುವ ತನಕ ನಿಲ್ಲುವುದಿಲ್ಲ. ಒಂಬತ್ತು ವರ್ಷದಲ್ಲಿ ಒಂದೇ ಸಲ ತಿರುಗಿದ್ದೇನೆ, ಗೋಲ್‌ಕೀಪರ್ ಸಾಬಿರ್ ವಿಷಯದಲ್ಲಿ. ಅವತ್ತೂ ಮೈದಾನ ನೋಡಲಿಲ್ಲ, ನನ್ನ ಕಾಲ ಬೆರಳು ನೋಡುತ್ತ ನಿಂತಿದ್ದೆ. ಸಾಬಿರ್ ಮತ್ತೆ ಕೈಗವಸು ಹಾಕಲೇ ಇಲ್ಲ. ಈಗ ಬಸ್ ನಿಲ್ದಾಣದಲ್ಲಿ ಬಾಚಣಿಗೆ, ಬ್ಯಾಟರಿ ಮಾರುತ್ತಾನೆ. ನನ್ನನ್ನು ಕಂಡರೆ ಅವನೇ ಮೊದಲು ಸಲಾಮ್ ಹೇಳುತ್ತಾನೆ, ಅದನ್ನೇ ನನ್ನಿಂದ ತಡೆಯಲಾಗುವುದಿಲ್ಲ.

ಗ್ಯಾಲರಿಯ ಮೇಲಿನ ಸಾಲುಗಳ ಮೆಹ್ರೆಜ್ ಈಗ ನಿನ್ನ ಹೆಸರು ಹಿಡಿದು ಕೂತಿದ್ದಾನೆ. "ಹೈಕಲ್, ತಿರುಗ್ತೀಯೋ ಇಲ್ವೋ?" ಎಂದು ನಿನ್ನೆ ಎಲ್ಲರೆದುರು ಕೇಳಿದ. ನಾನು ತಡೆಹಿಡಿದಿದ್ದೇನೆ. ಎಷ್ಟು ದಿನ ತಡೆಯುತ್ತೇನೋ ಗೊತ್ತಿಲ್ಲ. ಒಂದು ಗೋಲು ಹೊಡಿ ಮಾರಾಯ. ಮೊಣಕಾಲಿಗೋ ಬೆನ್ನಿಗೋ ತಾಗಿ ಹೋದರೂ ಸರಿ.

ಹೈಕಲ್


ಹಾಮ್ಮಾ
26 ಫೆಬ್ರವರಿ

ಹೈಕಲ್,

ನಾಲ್ಕು ವರ್ಷದ ಮೇಲೆ ಮೊದಲ ಕಾಗದ ಬರೆದೆ, ಅದರಲ್ಲೂ ಬೆದರಿಕೆ. ಪರವಾಗಿಲ್ಲ, ನಿನ್ನ ಗುಣ ಹೋಗಿಲ್ಲ.

ನಾನು ತೂನಿಸ್‌ಗೆ ಆಡಲು ಹೋದ ವಾರ ನನ್ನ ಮೇಲೆ ಹಾಡು ಕಟ್ಟಿದವನು ನೀನು. "ನಾರುವ ಮೀನು, ರಾಜಧಾನಿಗೆ ಮಾರಿದೆವು." ಮೂರು ಕಿಲೋಮೀಟರು ದೂರದ ನಮ್ಮ ಮನೆಯ ಮಾಳಿಗೆಗೆ ಅದು ಕೇಳಿಸಿತಂತೆ. ಅಮ್ಮ ಒಗೆದ ಬಟ್ಟೆ ಹರವುತ್ತಿದ್ದಳು. ಅದನ್ನು ನಾನು ಮರೆತಿದ್ದೇನೆ ಎಂದುಕೊಳ್ಳಬೇಡ.

ಇನ್ನೊಂದು ಮಾತು. ನಾನು ಹೇಗೆ ಆಡುತ್ತೇನೆ ಎಂದು ಬರೆಯುವ ಹಕ್ಕು ಊರಿಗೆಲ್ಲ ಇದೆ, ನಿನಗಿಲ್ಲ. ಒಂಬತ್ತು ವರ್ಷದಿಂದ ಮೈದಾನಕ್ಕೆ ಬೆನ್ನು ಹಾಕಿ ನಿಂತಿದ್ದೀಯ. ನಾನು ಈ ತಂಡಕ್ಕೆ ಹೊಡೆದ ಅರವತ್ತೊಂದು ಗೋಲುಗಳಲ್ಲಿ ನೀನು ಒಂದನ್ನಾದರೂ ನೋಡಿದ್ದೀಯಾ?

ಲಸ್ಸಾದ್


ಜಾರಾ
10 ಮಾರ್ಚ್

ಲಸ್ಸಾದ್,

ನೋಡಿಲ್ಲ. ಆದರೆ ಅರವತ್ತೊಂದನ್ನೂ ಎದುರಿನ ಜನರ ಮುಖದಲ್ಲಿ ಓದಿದ್ದೇನೆ. ನೀನು ಎಡಗಾಲಲ್ಲಿ ಹೊಡೆದರೆ ಮುದುಕರು ಮೊದಲು ಏಳುತ್ತಾರೆ. ತಲೆಯಿಂದ ಹೊಡೆದರೆ ಎಲ್ಲರ ಗದ್ದವೂ ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತದೆ. ಈಗ ನಿನ್ನ ಕಾಲಿಗೆ ಚೆಂಡು ಬಂದರೆ ಏನಾಗುತ್ತದೆ ಗೊತ್ತಾ? ಜನ ಕಣ್ಣು ಬೇರೆ ಕಡೆ ಹೊರಳಿಸುತ್ತಾರೆ. ಬಯ್ಯುವವರಾದರೂ ನೋಡುತ್ತಾರಪ್ಪಾ, ಇವರು ನೋಡುವುದೇ ಇಲ್ಲ. ಅದು ನನಗೆ ಹೆದರಿಕೆ.

ಅಧ್ಯಕ್ಷರು ರೇಡಿಯೊದಲ್ಲಿ ನಮ್ಮ ಮೈದಾನದ ಹುಲ್ಲು ಸರಿಯಿಲ್ಲ ಎಂದರು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಮ್ಮ ಮೀನಿನ ಹರಾಜುಕಟ್ಟೆ ಪೂರ್ತಿ ನಕ್ಕಿತು. ನಿನ್ನ ಅಮ್ಮ ಜಮೀಲಾ ಖಾಲಾ ಮೀನು ಕೊಳ್ಳಲು ಬಂದಿದ್ದಳು. ಬುಟ್ಟಿ ಖಾಲಿ ಇಟ್ಟುಕೊಂಡೇ ಹಿಂದಿರುಗಿದಳು. ಆಮೇಲೆ ಅವಳು ಬಂದಿಲ್ಲ.

ಹಾಡಿನ ಮಾತೆತ್ತಿದೆಯಲ್ಲ, ನನ್ನದನ್ನೂ ಕೇಳು. ನೀನು ಹೋದ ಸುದ್ದಿ ನನಗೆ ತಿಳಿದದ್ದು ಹೇಗೆ ಗೊತ್ತಾ? ಬೆಳಗಿನ ಹರಾಜು ಕೂಗುತ್ತಿದ್ದೆ, ಕೈಯಲ್ಲಿ ಒಂದು ಬುಟ್ಟಿ ಕೆಂಪು ಮೀನು. ಗಿರಾಕಿಯೊಬ್ಬ ಕೇಳಿದ, "ಲೋ ಹೈಕಲ್, ನಿನ್ ಗೆಳೆಯನ್ನ ತೂನಿಸ್‌ನೋರು ಕೊಂಡ್ಕೊಂಡ್ರಂತಲ್ಲ, ಎಷ್ಟಕ್ಕೆ ಕೂಗಿದ್ರು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಒಂದೇ ಬೀದಿ, ಒಂದೇ ಬೆಂಚು, ಒಂದೇ ತಟ್ಟೆಯಲ್ಲಿ ಉಂಡವರು ನಾವು. ಹಿಂದಿನ ಸಂಜೆ ನನ್ನ ಜೊತೆ ಕೂತು ಚಹಾ ಕುಡಿದೆ, ಮಾತಾಡಿದೆ, ಬಟಾಣಿ ತಿಂದೆ. ಬಾಯಿ ಬಿಡಲಿಲ್ಲ.

ಆದ್ದರಿಂದ ಹಾಡು ಕಟ್ಟಿದೆ. ಕಟ್ಟಿದ್ದು ಚೆನ್ನಾಗಿಯೂ ಇತ್ತು.

ಹೈಕಲ್


ಹಾಮ್ಮಾ
6 ಏಪ್ರಿಲ್

ಹೈಕಲ್,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಬರೆದು ಬರೆದು ಹರಿದೆ. ಈ ನಡುವೆ ಮೂರು ಪಂದ್ಯ ಹೋದವು. ಇವತ್ತಿನ ಪಂದ್ಯದಲ್ಲಿ ತರಬೇತುದಾರ ನನ್ನನ್ನು ಬೆಂಚಿನ ಮೇಲೆ ಕೂರಿಸಿದ. ಹೋಟೆಲಿನ ಟಿವಿಯಲ್ಲಿ ದಿನವಿಡೀ ಬಾಗ್ದಾದ್ ಉರಿಯುತ್ತಿದೆ. ಅದನ್ನು ನೋಡುತ್ತಲೇ ಚಹಾ ಕೊಡುವವನು ನನಗೆ ಹೇಳುತ್ತಾನೆ, "ಅಲ್ಲಾ ಅವರ ಕಷ್ಟಾನೂ ಕಳೀಲಿ, ನಿನ್ ಕಷ್ಟಾನೂ ಕಳೀಲಿ ಅಣ್ಣಾ." ನಾಚಿಕೆಯಿಂದ ಸತ್ತುಹೋದೆ.

ನನಗೇನಾಗಿದೆ ಎಂದು ಎಲ್ಲರಿಗೂ ಗೊತ್ತಿದೆ, ನನ್ನೊಬ್ಬನಿಗೆ ಗೊತ್ತಿಲ್ಲ. ತರಬೇತುದಾರ ಮಂಡಿ ಎನ್ನುತ್ತಾನೆ. ಅಧ್ಯಕ್ಷರು ಸೊಕ್ಕು ಎನ್ನುತ್ತಾರೆ. ಅಮ್ಮನ ಪ್ರಕಾರ ಕಣ್ಣು ಬಿದ್ದಿದೆ. ನನ್ನ ಚೀಲಕ್ಕೆ ಒಣಗಿದ ಮೀನಿನ ಬಾಲ ಕಟ್ಟಿ ಕಳಿಸಿದ್ದಾಳೆ, ತಂಡದ ಬಸ್ಸೆಲ್ಲ ನಾರುತ್ತದೆ. ಯಾರೂ ನಗುವುದಿಲ್ಲ. ನಗದಿರುವುದೇ ದೊಡ್ಡ ಶಿಕ್ಷೆ.

ನಿಜ ಹೇಳುತ್ತೇನೆ, ಇದನ್ನು ಯಾರಿಗೂ ಹೇಳಿಲ್ಲ. ಚೆಂಡು ಕಾಲಿಗೆ ಬಂದಾಗ ಮೊದಲೆಲ್ಲ ನಾನು ಇರುತ್ತಲೇ ಇರಲಿಲ್ಲ. ಚೆಂಡು ಇರುತ್ತಿತ್ತು, ಬಲೆ ಇರುತ್ತಿತ್ತು, ಅಷ್ಟೇ. ಈಗ ನಾನೇ ಅಡ್ಡ ನಿಲ್ಲುತ್ತೇನೆ. ಹೊಡೆಯುವ ಮೊದಲೇ ಹೊಡೆತ ತಪ್ಪಿದ್ದು ಕಾಣಿಸುತ್ತದೆ, ನಾಳೆಯ ಪೇಪರು ಕಾಣಿಸುತ್ತದೆ, ಅಮ್ಮನ ಖಾಲಿ ಬುಟ್ಟಿ ಕಾಣಿಸುತ್ತದೆ. ಕಾಲು ಕಲ್ಲಾಗುತ್ತದೆ. ಈ ವರ್ಷ ತಂಡ ಕೆಳಗಿನ ದರ್ಜೆಗೆ ಬಿದ್ದರೆ ಅದು ನನ್ನ ಲೆಕ್ಕಕ್ಕೇ. ಆಮೇಲೆ ಇಪ್ಪತ್ತೊಂಬತ್ತರ ಮುರುಕು ಮಂಡಿಯವನನ್ನು ಯಾವ ತಂಡ ಕರೆಯುತ್ತದೆ? ಸಾಬಿರ್ ಪಕ್ಕದಲ್ಲಿ ನಾನೂ ಬಾಚಣಿಗೆ ಮಾರಬೇಕು.

ಒಂದು ಕೇಳುತ್ತೇನೆ. ಸಮುದ್ರದ ದಡದಲ್ಲಿ ನಾವು ಆಡುತ್ತಿದ್ದಾಗ ನನ್ನ ಹೊಡೆತ ತಪ್ಪಿದರೆ ನೀನೇ ಹೇಳುತ್ತಿದ್ದೆ, ಭುಜ ಮೇಲೆತ್ತಿದೆ, ಪಾದ ತೆರೆದೆ ಎಂದು. ನೀನು ಹೇಳಿದ್ದು ಒಮ್ಮೆಯೂ ಸುಳ್ಳಾಗಿಲ್ಲ. ಒಂದು ಸಲ ತಿರುಗಿ ನನ್ನನ್ನು ನೋಡು. ಏನು ತಪ್ಪಾಗುತ್ತಿದೆ ಎಂದು ನೋಡಿ ಹೇಳು.

ಲಸ್ಸಾದ್


ಜಾರಾ
21 ಏಪ್ರಿಲ್

ಲಸ್ಸಾದ್,

ಆಗದು. ನಾನು ಕಣ್ಣಿಗೆ ಬಿದ್ದ ಧೂಳು ಒರೆಸಲು ಅರ್ಧ ತಿರುಗಿದರೂ ನಾಲ್ಕು ಸಾವಿರ ಬಾಯಿ ಸಿಳ್ಳೆಗೆ ಸಿದ್ಧವಾಗುತ್ತವೆ. ನಿನ್ನನ್ನು ನೋಡಲು ಹೋಗಿ ನಿನ್ನನ್ನೇ ಮುಗಿಸಿದಂತಾಗುತ್ತದೆ. ಅಭ್ಯಾಸದ ಹೊತ್ತಿಗೆ ಬಂದು ನೋಡೋಣವೆಂದರೆ ಹಾಮ್ಮಾದ ಗೇಟಿನಲ್ಲಿ ಕಾವಲಿನವನು ನನ್ನ ಮುಖ ನೋಡಿದ ಕೂಡಲೇ ಕೋಲು ಎತ್ತಿದ. ಹೌದು, ಬಂದಿದ್ದೆ. ಎರಡು ಸಲ.

ಮೊನ್ನೆ ಗ್ಯಾಲರಿಯವರ ಸಭೆ ಸೇರಿತ್ತು. ಮೆಹ್ರೆಜ್ ಕಾಫಿ ಲೋಟ ಕುಟ್ಟಿ ಹೇಳಿದ, "ಮೇ ಇಪ್ಪತ್ತೈದರ ಕೊನೇ ಪಂದ್ಯ ಗೆಲ್ಲದಿದ್ರೆ ನಾವು ಕೆಳಗೆ. ಅವತ್ತು ಅವ್ನು ಇಳಿದು ಗೋಲು ಹೊಡೀದೆ ಇದ್ರೆ ನೀನು ತಿರುಗ್ಬೇಕು. ಇಲ್ಲಾಂದ್ರೆ ಕಟ್ಟೆ ಬಿಟ್ಟು ಇಳಿ, ನಾನು ಹತ್ತೀನಿ." ಯಾರೂ ಅವನನ್ನು ಸುಮ್ಮನಿರು ಎನ್ನಲಿಲ್ಲ. "ನೋಡೋಣ" ಎಂದು ನಾನು ಎದ್ದು ಬಂದೆ.

ಅವತ್ತು ಮಂಡಿ ನೋವು ಎಂದು ಹೇಳಿ ಹೊರಗೆ ಕೂತುಬಿಡು. ನಾಚಿಕೆಪಡಬೇಡ.

ಹೈಕಲ್


ಹಾಮ್ಮಾ
12 ಮೇ

ಹೈಕಲ್,

ನೀನು ಗೇಟಿನ ತನಕ ಬಂದಿದ್ದೆ ಎಂಬ ಸಾಲನ್ನು ಎರಡು ಸಲ ಓದಿದೆ.

ಹೊರಗೆ ಕೂರುವುದಿಲ್ಲ. ಕೊನೆಯ ಪಂದ್ಯಕ್ಕೆ ಇಳಿಯುತ್ತೇನೆ ಎಂದು ತರಬೇತುದಾರನಿಗೆ ನಾನೇ ಹೇಳಿದ್ದೇನೆ. ಪೆನಾಲ್ಟಿ ಬಂದರೆ ಅದೂ ನನ್ನದೇ. ಓಡಿಹೋಗುವುದು ನನಗೆ ಚೆನ್ನಾಗಿ ಬರುತ್ತದೆ, ನಿನಗೇ ಗೊತ್ತು. ಈ ಸಲ ಬೇಡ.

ಲಸ್ಸಾದ್


ಜಾರಾ
26 ಮೇ

ಲಸ್ಸಾದ್,

ಮಬ್ರೂಕ್. ಊರೆಲ್ಲ ಕುಣಿಯುತ್ತಿದೆ. ಒಂದು-ಸೊನ್ನೆಯಲ್ಲಿ ಗೆದ್ದು ಉಳಿದುಕೊಂಡೆವು, ಅದೂ ನಿನ್ನ ಗೋಲಿನಿಂದ. ದನಿ ಕಟ್ಟಿದೆ. ಇನ್ನೊಮ್ಮೆ ಬರೆಯುತ್ತೇನೆ.

ಹೈಕಲ್


ಜಾರಾ, ಅಮ್ಮನ ಮನೆ
29 ಮೇ

ಹೈಕಲ್,

ಇದೆಂಥ ಕಾಗದವೋ! ನಾಲ್ಕು ಸಾಲು! ಗೋಲು ಹೊಡೆದವನಿಗೆ ಬರೆದದ್ದೋ, ತೆರಿಗೆ ಆಫೀಸಿಗೆ ಬರೆದದ್ದೋ?

ಅಧ್ಯಕ್ಷರು ಬಿಡುಗಡೆ ಮಾಡಿದ್ದಾರೆ, ಅಮ್ಮನ ಮನೆಯಲ್ಲಿದ್ದೇನೆ. ನಿನ್ನ ಮನೆಗೂ ನನ್ನ ಮನೆಗೂ ನಡುವೆ ಹನ್ನೊಂದು ಬಾಗಿಲು. ಮೂರು ದಿನದಿಂದ ಊರೇ ಬಂದು ಹೋಯಿತು, ನೀನು ಬರಲಿಲ್ಲ. ಹಮ್ಮಾದಿ ಕಾಕಾ ಬಾಗಿಲಲ್ಲಿ ನಿಂತು, "ಈಗ್ಲೂ ನಾನೇ ಟಪಾಲು ಹೊರ್ಬೇಕಾ?" ಎಂದು ಬಯ್ಯುತ್ತಿದ್ದಾನೆ.

ನಿನ್ನೆ ರೇಡಿಯೊದಲ್ಲಿ ಹೇಳಿದ್ದು ಕೇಳಿದೆಯಾ? ಎಪ್ಪತ್ತೆಂಟನೇ ನಿಮಿಷದಲ್ಲಿ ಪೆನಾಲ್ಟಿ ಬಂತು, ನಿಮ್ಮ ಗ್ಯಾಲರಿಯ ಮುಂದಿನ ಗೋಲಿಗೇ. ಚೆಂಡು ಇಟ್ಟು ತಲೆ ಎತ್ತಿದೆ, ನೀನು ಕಟ್ಟೆಯ ಮೇಲೆ ನನ್ನ ಕಡೆ ಮುಖ ಮಾಡಿ ನಿಂತಿದ್ದೆ. ಹಿಂದೆಯೇ ಸಿಳ್ಳೆ ಬಿತ್ತು. ಆದರೆ ನನಗೆ ಗೊತ್ತಿತ್ತು, ನಾನು ಕೇಳಿಕೊಂಡಿದ್ದಕ್ಕೆ ನನ್ನ ಗೆಳೆಯ ನನ್ನನ್ನು ನೋಡಲು ತಿರುಗಿದ್ದಾನೆ ಎಂದು. ಹಾಗೆಂದೇ ರೇಡಿಯೊದಲ್ಲಿ ಹೇಳಿದೆ. ಮುಂದಿನ ಸಾಲಿನವರೂ ಸಾಕ್ಷಿ ಹೇಳಿದ್ದಾರೆ, "ಇವತ್ತು ತಿರುಗಿದ್ರೆ ಸಿಳ್ಳೆ ಹಾಕ್ಬೇಡಿ, ಸುಮ್ನೆ ನೋಡ್ತೀನಿ ಅಷ್ಟೇ ಅಂತ ಹೈಕಲ್ ಮೊದ್ಲೇ ಹೇಳಿದ್ದ" ಎಂದು. ಮೇಲಿನ ಸಾಲುಗಳಿಗೆ ಗಲಾಟೆಯಲ್ಲಿ ಕೇಳಿಸಲಿಲ್ಲವಂತೆ.

ಭಾನುವಾರ ಮಧ್ಯಾಹ್ನ ಅಮ್ಮ ಮೀನಿನ ಕುಸ್ಕುಸ್ ಮಾಡುತ್ತಾಳೆ. ಬರಲೇಬೇಕು.

ಲಸ್ಸಾದ್


ಜಾರಾ
2 ಜೂನ್

ಲಸ್ಸಾದ್,

ನಿನ್ನೆ ಊಟಕ್ಕೆ ಬರಲಿಲ್ಲ. ನಿಮ್ಮ ಬಾಗಿಲ ತನಕ ಬಂದು, ಒಗ್ಗರಣೆಯ ವಾಸನೆ ಕುಡಿದು ವಾಪಸು ಬಂದೆ.

ಈ ವಾರವಿಡೀ ನನ್ನನ್ನು ನೆಲದ ಮೇಲೆ ನಡೆಯಲು ಬಿಟ್ಟಿಲ್ಲ. ಕಾಫಿ ಅಂಗಡಿಯಲ್ಲಿ ಹೆಗಲ ಮೇಲೆ ಕೂರಿಸಿಕೊಂಡರು. "ಏನ್ ತಲೆ ಅಣ್ಣಾ ನಿಂದು! ಅವ್ನಿಗೆ ಸಿಟ್ಟು ಹತ್ಲಿ ಅಂತ್ಲೇ ತಿರುಗಿದ್ದು!" ಎಂದು ಕೆಲವರು. ನಿನ್ನ ಮಾತು ಕೇಳಿದವರು "ಗೆಳೆತನ ಅಂದ್ರೆ ಇದು" ಎಂದು ಕಣ್ಣೀರು ಹಾಕಿದರು. ಮೆಹ್ರೆಜ್ ಬಂದು ನನ್ನ ತಲೆಗೆ ಮುತ್ತಿಟ್ಟ.

ನಿನ್ನ ತಟ್ಟೆಯಲ್ಲಿ ಮತ್ತೆ ಕೈ ಹಾಕುವ ಮೊದಲು ನೀನು ಇದನ್ನು ತಿಳಿದಿರಬೇಕು.

ಮುಂದಿನ ಸಾಲಿಗೆ ಹೇಳಿದ್ದು ನಿಜ. ಮೂರು ಸಾಲಿಗೆ ಹೇಳಿದೆ. ಗ್ಯಾಲರಿಯಲ್ಲಿ ನಲವತ್ತು ಸಾಲುಗಳಿವೆ. ಧ್ವನಿವರ್ಧಕ ನನ್ನ ಕೈಯಲ್ಲೇ ಇತ್ತು, ಆದರೆ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಾಯಲ್ಲಿ ಹೇಳಿದೆ, ಮೆಲ್ಲಗೆ. "ಮೇಲಿನೋರ್ಗೂ ಹೇಳಿ ಬರ್ಲಾ?" ಎಂದು ಮೂರನೇ ಸಾಲಿನ ಒಬ್ಬ ಕೇಳಿದ. "ಬೇಡ ಬಿಡು, ಆಮೇಲೆ ನೋಡೋಣ" ಎಂದೆ.

ಯಾಕೆ ಹಾಗೆಂದೆ? ಎಂಟು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನಿನ್ನನ್ನು ನೋಡಬೇಕೆಂಬ ಆಸೆ ಇದ್ದದ್ದು ಸುಳ್ಳಲ್ಲ. ಆದರೆ ಹರಾಜುಕಟ್ಟೆಯ ಆ ನಗು ಇನ್ನೂ ನನ್ನ ಕಿವಿಯಲ್ಲಿತ್ತು. ಸಿಳ್ಳೆ ಬೀಳುತ್ತದೆ ಎಂದು ನನಗೆ ಗೊತ್ತಿತ್ತು. ಒಂದು ಸಲ, ಒಂದೇ ಒಂದು ಸಲ, ಊರೆದುರು ನೀನೂ ಬೆತ್ತಲಾಗಿ ನಿಲ್ಲು ಎಂದು ನನ್ನೊಳಗೆ ಯಾರೋ ಹೇಳಿದ. ಅವನ ಬಾಯಿ ಮುಚ್ಚಿಸಲಿಲ್ಲ. ತಂಡ ಮುಳುಗಿದರೆ ಮುಳುಗಲಿ ಎನ್ನುವಷ್ಟು ಸಿಟ್ಟಿತ್ತು. ವಾಹಾ ತಂಡಕ್ಕೆ ಜೀವ ಕೊಡುತ್ತೇನೆ ಎಂದು ತೋಳ ಮೇಲೆ ಹಚ್ಚೆ ಹಾಕಿಸಿಕೊಂಡವನು ನಾನು.

ಆಮೇಲೆ ತಿರುಗಿದೆ. ನಿನ್ನನ್ನು ನೋಡಿದೆ. ಎಷ್ಟು ಸಣ್ಣಗೆ ಕಾಣುತ್ತಿದ್ದೆಯೋ! ನಮ್ಮ ಬೆಂಚಿನಲ್ಲಿ ಲೆಕ್ಕ ಬಾರದೆ ಮೇಷ್ಟ್ರ ಕೋಲಿಗೆ ಕೈ ಚಾಚುತ್ತಿದ್ದ ಲಸ್ಸಾದ್. ಬೆನ್ನ ಹಿಂದೆ ಸಿಳ್ಳೆ ಬಿತ್ತು. ನಿನ್ನ ಮುಖ ಬಿಳಿಚಿಕೊಂಡಿತು. ನಿಲ್ಲಿಸ್ರೋ ಎಂದು ಕಿರುಚಿದೆ, ಧ್ವನಿವರ್ಧಕದಲ್ಲಿ ಕಿರುಚಿದೆ, ಯಾರಿಗೂ ಕೇಳಿಸಲಿಲ್ಲ. ದನಿ ಕಟ್ಟಿದ್ದು ಆಗ.

ನೀನು ರೇಡಿಯೊದಲ್ಲಿ ಹೇಳಿದ ಗೆಳೆಯ ನಾನಲ್ಲ. ಕಟ್ಟೆ ಬಿಟ್ಟು ಇಳಿಯುತ್ತೇನೆ, ಮೆಹ್ರೆಜ್‌ಗೂ ಹೇಳಿದ್ದೇನೆ. ಇವತ್ತು ಬಸ್ ನಿಲ್ದಾಣಕ್ಕೆ ಹೋಗಿ ಸಾಬಿರ್‌ಗೆ ನಾನೇ ಮೊದಲು ಸಲಾಮ್ ಹೇಳಿದೆ. ಅವನು ಗಾಬರಿಯಾದ.

ಹೈಕಲ್


ಜಾರಾ
5 ಜೂನ್

ಹೈಕಲ್,

ನಿನ್ನ ಕಾಗದ ಮೂರು ದಿನ ಇಟ್ಟುಕೊಂಡೆ. ಮೊದಲ ದಿನ ನಿನ್ನ ಬಾಗಿಲು ಒದೆಯಲು ಹೊರಟಿದ್ದೆ, ಅಮ್ಮ ತಡೆದಳು.

ಹೈಕಲ್, ನಿನ್ನ ದನಿ ಬಂದರಿನಿಂದ ದೋಣಿಗಳಿಗೆ ಕೇಳಿಸುತ್ತದೆ. ಬೆಳಗಿನ ಹರಾಜಿಗೆ ಅರ್ಧ ಜಾರಾ ಬೈದುಕೊಂಡು ಏಳುತ್ತದೆ. ಆ ದನಿ ನಲವತ್ತನೇ ಸಾಲಿಗೆ ಮುಟ್ಟಲಿಲ್ಲ ಎಂದರೆ ನಂಬಲು ನಾನೇನು ರೇಡಿಯೊದವನೇ? ಸಿಳ್ಳೆ ಬಿದ್ದ ಕ್ಷಣವೇ ಗೊತ್ತಾಯಿತು. ನಿನ್ನ ಮುಖ ನೋಡಿದ ಮೇಲಂತೂ ಸಂಶಯವೇ ಉಳಿಯಲಿಲ್ಲ. ಮಾಡಬಾರದ್ದು ಮಾಡಿ ಆಮೇಲೆ ಬಾಯಿ ಬಾಯಿ ಬಡಿದುಕೊಳ್ಳುವ ಆ ಮುಖ ನನಗೆ ಆರನೇ ವಯಸ್ಸಿನಿಂದ ಗೊತ್ತು.

ಗೊತ್ತಿದ್ದೂ ರೇಡಿಯೊದಲ್ಲಿ ಹಾಗೇಕೆ ಹೇಳಿದೆ ಎಂದರೆ, ಅದು ನಿಜವಾಗಲಿ ಎಂಬ ಆಸೆಗೆ. ಆ ಸಂಜೆ ಚಹಾ ಕುಡಿಯುತ್ತ ನಾನು ಬಾಯಿ ಬಿಡದಿದ್ದದ್ದು ಮರೆವಿನಿಂದಲ್ಲ. ನಿನಗೆ ಹೇಳಿದ್ದರೆ ನೀನು ಹೋಗಬೇಡ ಎನ್ನುತ್ತಿದ್ದೆ, ಆಗ ನಾನು ಹೋಗುತ್ತಿರಲಿಲ್ಲ. ಹೋಗಬೇಕಿತ್ತು ನನಗೆ. ನಿನ್ನನ್ನು ಹರಾಜುಕಟ್ಟೆಯಲ್ಲಿ ಬೆತ್ತಲೆ ನಿಲ್ಲಿಸಿದವನು ನಾನೇ.

ಇದರಿಂದ ಸಿಟ್ಟು ಹೋಯಿತು ಎಂದುಕೊಳ್ಳಬೇಡ. ಇದೆ, ಇನ್ನೂ ಕೆಲವು ದಿನ ಇರುತ್ತದೆ. ಎದುರು ಕೂತು ಬಯ್ಯುವುದು ಬಹಳವಿದೆ.

ಆದರೆ ಅದಕ್ಕೂ ಮೊದಲು ನಿನ್ನಿಂದ ಒಂದು ಬೇಕು. ಯಾರಿಗೂ ಹೇಳಬೇಡ. ಆ ಸಿಳ್ಳೆಯಲ್ಲಿ ನನ್ನ ಕಾಲು ಮತ್ತೆ ಕಲ್ಲಾಯಿತು. ಆದದ್ದಾಗಲಿ ಎಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಓಡಿ ಒದ್ದೆ. ತೆರೆದಾಗ ಹುಡುಗರೆಲ್ಲ ನನ್ನ ಮೈಮೇಲೆ ಬಿದ್ದಿದ್ದರು. ಟಿವಿಯವರು ಅವತ್ತು ರಾಜಧಾನಿಯ ಪಂದ್ಯಕ್ಕೆ ಹೋಗಿದ್ದರು. ಎಲ್ಲರೂ ನನ್ನನ್ನು ಕೇಳುತ್ತಾರೆ, ನಾನು ಸುಮ್ಮನೆ ನಗುತ್ತೇನೆ. ಬೇರೆಯವರನ್ನು ಕೇಳೋಣವೆಂದರೆ ಮಾನ ಹೋಗುತ್ತದೆ.

ನೀನು ನೋಡಿದೆಯಲ್ಲ. ಈ ಕಾಗದ ಮಡಿಚಿಟ್ಟು ಈಗಲೇ ಎದ್ದು ಬಾ, ಹನ್ನೊಂದೇ ಬಾಗಿಲು. ಬಂದು ಹೇಳು, ನನ್ನ ಗೋಲು ಹೇಗಿತ್ತು?

ಲಸ್ಸಾದ್